ಮುಚ್ಚಿಹೋದ ಬಾವಿಗಳು

(ಆದಿಕಾಂಡ 26ನೆಯ ಅಧ್ಯಾಯದ 12ರಿಂದ 33ನೆಯ ವಚನದ ವರೆಗೆ ಮೊದಲು ಓದಿಕೊಳ್ಳಬೇಕು.)



ಮೂಲಪಿತೃಗಳಾದ ಅಬ್ರಹಾಮ, ಇಸಾಕ, ಯಾಕೋಬರೆಂಬ ಮೂವರಲ್ಲಿ ಇಸಾಕನ ವಿಷಯವಾಗಿ ಸತ್ಯವೇದದಲ್ಲಿ ಬರೆದಿರುವದು ಬಹು ಸ್ವಲ್ಪ. ತಂದೆಯು ಸ್ವದೇಶವನ್ನೂ ಬಂಧುಬಳಗವನ್ನೂ ಬಿಟ್ಟು ಹೊರಟವನು. ಮಗನು ಯಬ್ಬೋಕ್ ಹೊಳೆಯ ಬಳಿಯಲ್ಲಿ ಬೆಳಗಾಗುವ ತನಕ ಹೋರಾಡಿದವನು. ನಡುವಿನವನಾದ ಇಸಾಕನೋ ಅಂಥ ದೊಡ್ಡ ಕಾರ್ಯವೇನನ್ನೂ ಮಾಡಿದಂತೆ ಕಾಣುವದಿಲ್ಲ. ಅವನು ಬಿತ್ತಿದನು, ಬೆಳೆದನು, ಬಾವಿಗಳನ್ನು ತೋಡಿಸಿದನು. ಅವನದೇ ಎಂದು ಹೇಳತಕ್ಕ ಅಧ್ಯಾಯವು ಈ 26ನೆಯದೊಂದೇ. ಅದರಲ್ಲಿಯೂ ಹೆಚ್ಚಿನ ಭಾಗವು ಬಾವಿಗಳ ಸಂಗತಿಯೇ. ಹೊಲ ಬಾವಿಗಳ ನಡುವೆ ಬಾಳುವ ನಮ್ಮಂಥವರಿಗೆ ಈ ಪಿತೃವು ಮೂವರಲ್ಲಿಯೂ ಹತ್ತಿರದವನೆಂದು ನನಗೆ ಅನೇಕ ಸಾರಿ ತೋರಿದೆ.

ಸಂಗತಿ ಹೀಗಿದೆ. ದೇಶದಲ್ಲಿ ಬರ ಬಂದಿತ್ತು. ಇಸಾಕನು ಐಗುಪ್ತಕ್ಕೆ ಇಳಿದು ಹೋಗದೆ ದೇವರ ಅಪ್ಪಣೆಯಂತೆ ಗೆರಾರಿನಲ್ಲಿ ನಿಂತನು. ಆ ವರುಷ ಅವನು ಬಿತ್ತಿದ್ದು ನೂರರಷ್ಟು ಫಲ ಕೊಟ್ಟಿತು. ಕುರಿದನಗಳೂ ಆಳುಮಕ್ಕಳೂ ಹೆಚ್ಚಿದರು. ನೆರೆಯವರಾದ ಫಿಲಿಷ್ಟಿಯರಿಗೆ ಹೊಟ್ಟೆಕಿಚ್ಚು ಹುಟ್ಟಿತು. ಅಬ್ರಹಾಮನ ಕಾಲದಲ್ಲಿ ಅವನ ಆಳುಗಳು ತೋಡಿದ್ದ ಬಾವಿಗಳನ್ನೆಲ್ಲಾ ಇವರು ಮಣ್ಣು ತುಂಬಿ ಮುಚ್ಚಿಬಿಟ್ಟಿದ್ದರು. ಇದನ್ನು ಸ್ವಲ್ಪ ನಿಂತು ಯೋಚಿಸಿರಿ. ನೀರು ಅಪರೂಪವಾದ ಸೀಮೆಯಲ್ಲಿ ಒಬ್ಬನು ಇನ್ನೊಬ್ಬನ ಬಾವಿಯನ್ನು ಕಸಕೊಂಡರೆ ಅದರ ಕಾರಣ ನಮಗೆ ತಿಳಿಯುತ್ತದೆ. ತಾನೂ ಕುಡಿಯದೆ, ಕುಡಿಯುವವನಿಗೂ ಬಿಡದೆ, ಬಾವಿಗೆ ಮಣ್ಣು ಹಾಕುವ ವೈರಿಯು ಬೇರೆ ತರದವನು. ಆದರೂ ಅವನ ಕೈಯಿಂದ ಆದದ್ದು ಇಷ್ಟೇ. ಅವನು ಸೆಲೆಯನ್ನು ಬತ್ತಿಸಲಾರದೆ ಹೋದನು; ಮಣ್ಣಿನ ಕೆಳಗೆ ನೀರು ಇದ್ದಲ್ಲಿಯೇ ಇತ್ತು.

ಪ್ರಿಯರೇ, ನಮ್ಮಲ್ಲಿ ಅನೇಕರ ಮನೆಯಲ್ಲಿ ಸತ್ಯವೇದವಿದೆ. ಅದನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟಿರುತ್ತೇವೆ. ಕರ್ತನ ದಿನದಲ್ಲಿ ಕಂಕುಳಲ್ಲಿ ಇಟ್ಟುಕೊಂಡು ದೇವಾಲಯಕ್ಕೆ ಹೋಗುತ್ತೇವೆ, ತಿರಿಗಿ ತಂದು ಗೂಡಿನಲ್ಲಿ ಇಡುತ್ತೇವೆ. ಅದರ ಮೊದಲನೆಯ ಹಾಳೆಯಲ್ಲಿ ಮಕ್ಕಳು ಹುಟ್ಟಿದ ತಾರೀಖು, ಹಿರಿಯರು ನಿದ್ರೆಹೋದ ತಾರೀಖು ಎಲ್ಲವನ್ನೂ ಬರೆದಿದ್ದೇವೆ. ಒಂದು ಕಾಲದಲ್ಲಿ ನಾವು ಅದನ್ನು ದಿನಾಲು ಓದುತ್ತಿದ್ದದ್ದೂ ಉಂಟು. ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದಾಗ ಒಂದೊಂದು ಅಧ್ಯಾಯವನ್ನು ಬೆರಳಿಟ್ಟು ಓದಿದೆವು. ಅಕ್ಷರ ಕಲಿತದ್ದೇ ಅದಕ್ಕಾಗಿ ಎಂಬವರೂ ನಮ್ಮಲ್ಲಿ ಇದ್ದಾರೆ. ಈಗ ಓದುವದಿಲ್ಲ. ಯಾವ ದಿವಸ ನಿಲ್ಲಿಸಿದಿರಿ ಎಂದು ಕೇಳಿದರೆ ಒಬ್ಬರೂ ಹೇಳಲಾರರು.

ಯಾಕಂದರೆ ಬಾವಿಯು ಒಂದೇ ದಿನದಲ್ಲಿ ಮುಚ್ಚಿಹೋಗುವದಿಲ್ಲ. ನಾಟಿಯ ವಾರದಲ್ಲಿ ಒಂದು ಬುಟ್ಟಿ ಮಣ್ಣು ಬಿತ್ತು. ಮಗುವಿಗೆ ಜ್ವರ ಬಂದು ಎರಡು ರಾತ್ರಿ ಎದ್ದಿದ್ದಾಗ ಇನ್ನೊಂದು ಬುಟ್ಟಿ. ಸುಗ್ಗಿಯಲ್ಲಿ ಕಣ ಕಾಯುವದಕ್ಕೆ ಹೋಗಿದ್ದಾಗ ಮತ್ತೊಂದು. ಬಳಿಕ ನೆಂಟರ ಮದುವೆ, ಸಾಲದ ಕಂತು, ಸಂತೆ, ಪಂಚಾಯತಿಯ ಚುನಾವಣೆ. ಈ ಬುಟ್ಟಿಗಳಲ್ಲಿ ಕೆಟ್ಟದ್ದೆಂಬದು ಇಲ್ಲವೆಂದೇ ಹೇಳಬೇಕು. ಮಣ್ಣು ಹೊಲದಲ್ಲಿ ಇದ್ದರೆ ಒಳ್ಳೇದೇ. ಈಗಿನ ದಿವಸಗಳಲ್ಲಿ ಹಳ್ಳಿಯ ಹುಡುಗನ ಜೇಬಿನ ಮೊಬೈಲಿನಲ್ಲಿಯೂ ಇಡೀ ಸತ್ಯವೇದ ದೊರೆಯುತ್ತದೆ, ಇದಕ್ಕಾಗಿ ನಾವು ದೇವರನ್ನು ಸ್ತುತಿಸತಕ್ಕದ್ದು. ಆದರೆ ಎಲ್ಲಾ ಬುಟ್ಟಿಗಳಿಗಿಂತ ಬೇಗ ಮಣ್ಣು ಹೊತ್ತು ತರುವ ಬುಟ್ಟಿಯೂ ಅದೇ ಮೊಬೈಲು ಎಂಬದನ್ನು ನಿಮ್ಮ ಮನೆಯ ಮಕ್ಕಳನ್ನು ಕೇಳಿದರೆ ತಿಳಿಯುವದು. ಮಕ್ಕಳನ್ನು ಮಾತ್ರವೇ ಯಾಕೆ ಹೇಳಲಿ?

ಕೆಲವರ ಬಾವಿಯಲ್ಲಿ ಬಿದ್ದಿರುವದು ಮಣ್ಣಲ್ಲ, ಬಂಡೆ. ಹೊಲದ ಬದುವಿನ ವಿಷಯದಲ್ಲಿ ತಮ್ಮನಿಗೆ ಮೋಸ ಮಾಡಿದವನು, ಅಥವಾ ಸಭೆಯಲ್ಲಿ ಒಬ್ಬನ ಸಂಗಡ ಎರಡು ವರುಷದಿಂದ ಮಾತು ಬಿಟ್ಟವನು, ಪುಸ್ತಕವನ್ನು ತೆರೆಯಲು ಅಂಜುತ್ತಾನೆ. ತೆರೆದಲ್ಲೆಲ್ಲಾ ಆ ತಮ್ಮನೇ ಎದುರಿಗೆ ಬಂದು ನಿಲ್ಲುತ್ತಾನೆ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಕರ್ತನು ಹೇಳಿದ್ದನ್ನು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಓದುತ್ತೇವಲ್ಲಾ. ಇಂಥವನಿಗೆ ದಿನಕ್ಕೆ ಒಂದು ಅಧ್ಯಾಯ ಓದು ಎಂದು ಹೇಳಿ ಪ್ರಯೋಜನವಿಲ್ಲ. ಅವನು ಈ ಸಂಜೆಯೇ ತಮ್ಮನ ಮನೆಗೆ ಹೋಗತಕ್ಕದ್ದು.

ಇನ್ನೊಂದು ತರದ ಬಾವಿಯ ವಿಷಯವನ್ನೂ ಹೇಳಬೇಕಾಗಿದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯದೆ ಬಿಟ್ಟರೆ ಈ ಲೇಖನವು ಸುಳ್ಳಾದೀತು.

ಕೆಲವು ವರುಷಗಳ ಕೆಳಗೆ, ಮಳೆಗಾಲದ ಒಂದು ಸಾಯಂಕಾಲ, ಒಬ್ಬ ವೃದ್ಧ ವಿಧವೆಯನ್ನು ನೋಡಿಬರಲು ನಾನು ಹತ್ತಿರದ ಹಳ್ಳಿಗೆ ಹೋಗಿದ್ದೆನು. ಆಕೆಯ ಗಂಡನು ತೀರಿಹೋಗಿ ಆಗ ಹದಿನೈದು ದಿನಗಳಾಗಿದ್ದವು. ಆಕೆಯ ಎರಡು ಕಣ್ಣುಗಳಿಗೂ ಪೊರೆ ಬಂದಿತ್ತು. ಗಂಡನು ಇರುವ ತನಕ ಪ್ರತಿ ರಾತ್ರಿ ಊಟದ ಮೊದಲು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವನು, ಆಕೆ ಒಲೆಯ ಬಳಿಯಲ್ಲಿ ಕೂತು ಕೇಳುವಳು. ಮೂವತ್ತು ವರುಷ ಅವರ ಮನೆಯ ಪದ್ಧತಿ ಇದೇ. ನಾನು ಕೂತ ಮೇಲೆ ಆಕೆ ಗೂಡಿನಿಂದ ಪುಸ್ತಕವನ್ನು ತಡವಿ ತೆಗೆದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಒಂದು ತೆಂಗಿನ ಗರಿಯ ಎಳೆಯನ್ನು ಗುರುತಿಗಾಗಿ ಇಟ್ಟಿತ್ತು. ತೆರೆದು ನೋಡಿದರೆ ನೆಹೆಮೀಯನ ಗ್ರಂಥದ 3ನೆಯ ಅಧ್ಯಾಯ. ಯೆರೂಸಲೇಮಿನ ಗೋಡೆಯನ್ನು ಯಾರು ಯಾರು ಎಲ್ಲೆಲ್ಲಿ ಕಟ್ಟಿದರೆಂಬ ಹೆಸರುಗಳ ಪಟ್ಟಿಯೇ ಅದರಲ್ಲಿರುವದು. ದುಃಖದಲ್ಲಿರುವವಳಿಗೆ ಇದನ್ನು ಓದುವದು ಹೇಗೆಂದು, ನಾನು ಕೀರ್ತನೆಗಳ ಕಡೆಗೆ ಹಾಳೆ ತಿರುವಿದೆನು. ಹಾಳೆಗಳ ಶಬ್ದವನ್ನು ಕೇಳಿ ಆಕೆ, “ಅಯ್ಯನವರೇ, ಗರಿ ಇರುವಲ್ಲಿಂದಲೇ ಓದಿರಿ. ಅವರು ಅಲ್ಲಿಗೆ ನಿಲ್ಲಿಸಿದರು,” ಅಂದಳು.

ಓದಿದೆನು. ಬಾಯಿಗೆ ಬಾರದ ಹೆಸರುಗಳಲ್ಲಿ ಅನೇಕ ಸಾರಿ ಎಡವಿದೆನು. ಹನ್ನೆರಡನೆಯ ವಚನಕ್ಕೆ ಬಂದಾಗ, ಶಲ್ಲೂಮನೆಂಬವನೂ ಅವನ ಕುಮಾರ್ತೆಯರೂ ಸೇರಿ ಗೋಡೆಯ ಒಂದು ಭಾಗವನ್ನು ಜೀರ್ಣೋದ್ಧಾರ ಮಾಡಿದರೆಂದು ಓದಲು, ಆಕೆ ತಲೆಯೆತ್ತಿ, “ಹೆಣ್ಣುಮಕ್ಕಳೂ ಕಟ್ಟಿದರೋ?” ಎಂದು ಕೇಳಿದಳು. “ಹೌದಮ್ಮಾ, ಹಾಗೆಯೇ ಬರೆದಿದೆ,” ಅಂದೆನು. ಆ ವಚನವು ಅಲ್ಲಿರುವದನ್ನು ನಾನೇ ಅದಕ್ಕೆ ಮುಂಚೆ ಗಮನಿಸಿರಲಿಲ್ಲ. ಅಧ್ಯಾಯ ಮುಗಿಯಿತು, ಪ್ರಾರ್ಥನೆಯೂ ಆಯಿತು. ನಾನು ಏಳುವಾಗ ಆಕೆ ಯಾವ ಕಪಟವೂ ಇಲ್ಲದೆ, ಊರಿನ ಮಳೆ ಬೆಳೆ ಕೇಳುವ ಹಾಗೆ, “ಅಯ್ಯನವರೇ, ನೀವು ನಿಮ್ಮ ಪುಸ್ತಕದಲ್ಲಿ ಎಲ್ಲಿಗೆ ಬಂದಿದ್ದೀರಿ?” ಎಂದು ಕೇಳಿದಳು.

ನಾನು ಏನು ಹೇಳಲಿ? ಪ್ರತಿ ವಾರವೂ ಪ್ರಸಂಗ ಮಾಡುವವನು ನಾನು. ಶನಿವಾರ ರಾತ್ರಿ ಪ್ರಸಂಗಕ್ಕೆ ಒಂದು ವಚನ ಬೇಕಾಗಿ ಪುಸ್ತಕವನ್ನು ತೆರೆಯುತ್ತಿದ್ದೆನು, ರೋಗಿಯ ಮನೆಯಲ್ಲಿ ತೆರೆಯುತ್ತಿದ್ದೆನು, ಸಮಾಧಿಯ ಬಳಿಯಲ್ಲಿ ತೆರೆಯುತ್ತಿದ್ದೆನು. ನನಗೋಸ್ಕರ ತೆರೆದು ಎಷ್ಟು ಕಾಲವಾಯಿತೆಂದು ನನಗೇ ತಿಳಿಯದು. ಊರವರಿಗೆಲ್ಲಾ ನೀರು ಸೇದಿ ಹಾಕುತ್ತಾ ತಾನು ಒಂದು ಗುಟುಕನ್ನೂ ಕುಡಿಯದವನ ಹಾಗೆ ನಾನಿದ್ದೆನು. ಆಕೆಗೆ ಏನೋ ಒಂದು ಉತ್ತರ ಹೇಳಿ ತಪ್ಪಿಸಿಕೊಂಡೆನು. ಮನೆಗೆ ಬಂದು ನನ್ನ ಪುಸ್ತಕವನ್ನು ಬಿಚ್ಚಿ ನೋಡಿದರೆ ಅದರಲ್ಲಿ ಪ್ರಸಂಗದ ಚೀಟಿಗಳು ಹತ್ತಾರು ಇದ್ದವು. ಇಷ್ಟರ ವರೆಗೆ ಓದಿದ್ದೇನೆಂಬ ಗುರುತು ಒಂದೂ ಇರಲಿಲ್ಲ. ನಮ್ಮ ಉಪದೇಶಿಗಳೂ ಭಾನುವಾರದ ಶಾಲೆಯ ಬೋಧಕರೂ ಇದನ್ನು ಓದುತ್ತಿದ್ದರೆ ಅವರು ನನ್ನನ್ನು ಕ್ಷಮಿಸಿ ತಮ್ಮ ಪುಸ್ತಕವನ್ನೂ ಒಮ್ಮೆ ಬಿಚ್ಚಿ ನೋಡಲಿ.

ಈಗ ಇಸಾಕನ ಕಡೆಗೆ ತಿರಿಗಿ ಬರೋಣ. ಅಬೀಮೆಲೆಕನು ಅವನನ್ನು ಊರಿನಿಂದ ಹೊರಡಿಸಿದನು. ಅವನು ಗೆರಾರಿನ ತಗ್ಗಿನಲ್ಲಿ ಗುಡಾರ ಹಾಕಿಕೊಂಡನು. ಅಲ್ಲಿ ಅವನು ಮಾಡಿದ ಮೊದಲನೆಯ ಕೆಲಸ ಯಾವದಂದರೆ, ತಂದೆಯ ಕಾಲದ ಬಾವಿಗಳನ್ನು ತಿರಿಗಿ ತೋಡಿಸಿದ್ದೇ. ಮುಚ್ಚಿದವರನ್ನು ಶಪಿಸುತ್ತಾ ಕೂತನೆಂದು ಬರೆದಿಲ್ಲ. ಇಷ್ಟು ವರುಷ ಬಿಟ್ಟದ್ದಾಯಿತು, ಇನ್ನೇನು ನೀರು ಸಿಕ್ಕೀತೆಂದು ಹೇಳಿದನೆಂದೂ ಬರೆದಿಲ್ಲ. ಇದು ಬಹಳ ಮಂದಿಯನ್ನು ತಡೆಯುವ ಮಾತು. ಬಿಟ್ಟವನು ತಿರಿಗಿ ಪುಸ್ತಕವನ್ನು ಹಿಡಿಯಲು ನಾಚುತ್ತಾನೆ. ದೇವರ ಮುಂದೆ ಯಾವ ಮುಖದಿಂದ ಕೂಡ್ರಲಿ ಅನ್ನುತ್ತಾನೆ. ಪ್ರಿಯರೇ, ಮುಚ್ಚಿದ್ದು ಬಾವಿಯ ಬಾಯಿ, ಸೆಲೆಯಲ್ಲ. ದೂರ ದೇಶದಿಂದ ಬಂದ ಮಗನನ್ನು ಕಂಡು ಓಡಿಬಂದ ತಂದೆಯು ಇಷ್ಟು ದಿನ ಎಲ್ಲಿದ್ದಿ ಎಂದು ಕೇಳಲಿಲ್ಲ.

ನೀವು ಬಾವಿಯ ಹೂಳೆತ್ತಿದವರು. ಆದದರಿಂದ ಮುಂದಿನ ಸಂಗತಿ ನಿಮಗೆ ಚೆನ್ನಾಗಿ ಗೊತ್ತಿದೆ. ಬೇಸಿಗೆಯ ಕಡೆಯಲ್ಲಿ ನೀರು ಇಳಿದಾಗ ಇಬ್ಬರು ಕೆಳಗೆ ಇಳಿದು ಗುದ್ದಲಿಯಿಂದ ಕೆಸರನ್ನು ಬುಟ್ಟಿಗೆ ತುಂಬುತ್ತಾರೆ, ಮೇಲಿನವರು ಹಗ್ಗದಿಂದ ಎಳೆಯುತ್ತಾರೆ. ಮೊದಲನೆಯ ದಿನ ಬರುವದು ನೀರಲ್ಲ. ಕೊಳೆತ ಎಲೆ, ಒಡೆದ ಕೊಡದ ಬೋಕಿ, ಎಂದೋ ಬಿದ್ದ ಬಿಂದಿಗೆ, ನಾರುವ ಕೆಸರು. ಎರಡನೆಯ ದಿನ ಜಿನುಗುವ ನೀರೂ ಕದಡಿರುತ್ತದೆ; ಅದನ್ನು ಮೊಗೆದು ಹೊರಗೆ ಚೆಲ್ಲುತ್ತೇವೆ. ಅದನ್ನು ನೋಡಿ ಯಾವ ರೈತನಾದರೂ ಈ ಬಾವಿ ಕೆಟ್ಟುಹೋಯಿತೆಂದು ಹಗ್ಗವನ್ನು ಸುತ್ತಿಟ್ಟು ಮನೆಗೆ ಹೋಗುವನೋ? ಸತ್ಯವೇದಕ್ಕೆ ತಿರಿಗಿ ಬರುವವನ ಮೊದಲ ದಿವಸಗಳು ಹೀಗೆಯೇ ಇರುತ್ತವೆ. ಕಣ್ಣು ಸಾಲಿನ ಮೇಲೆ ಇರುತ್ತದೆ, ಮನಸ್ಸು ಎತ್ತಿನ ಸಂತೆಯಲ್ಲಿ ಇರುತ್ತದೆ. ಓದಿದ್ದು ರುಚಿಸುವದಿಲ್ಲ. ಮರೆತಿದ್ದ ಪಾಪಗಳು ಒಂದೊಂದಾಗಿ ಮೇಲಕ್ಕೆ ಬರುತ್ತವೆ. ನಾನು ಓದಿದರೂ ಏನೂ ಆಗುವದಿಲ್ಲವೆಂದು ಮೂರನೆಯ ದಿವಸದಲ್ಲಿ ಬಿಡುವವರೇ ಹೆಚ್ಚು. ನಾನೂ ಎರಡು ಸಾರಿ ಹಾಗೆ ಬಿಟ್ಟೆನು. ಆ ಕೆಸರು ಬಾವಿಯೊಳಗಿನದು, ಬರಲೇಬೇಕು. ಬರುವ ಕೆಸರನ್ನು ಪ್ರಾರ್ಥನೆಯಲ್ಲಿ ದೇವರ ಮುಂದೆ ಚೆಲ್ಲಿ ಇನ್ನೊಂದು ಬುಟ್ಟಿಯನ್ನು ಇಳಿಸತಕ್ಕದ್ದು.

ಮಾಡುವ ರೀತಿಯನ್ನು ಕೇಳುವವರಿಗೆ ಕೆಲವು ಮಾತು. ತಪ್ಪಿಹೋದ ದಿವಸಗಳನ್ನೆಲ್ಲಾ ಕೂಡಿಸಿ ಒಂದೇ ಸಾರಿ ತೀರಿಸಲು ಹೋಗಬೇಡಿರಿ. ಮೂರು ದಿನ ಉಪವಾಸವಿದ್ದವನು ನಾಲ್ಕನೆಯ ದಿನ ಎಲ್ಲಾ ಊಟಗಳನ್ನೂ ಸೇರಿಸಿ ಉಂಡರೆ ಏನಾಗುವದು? ಆದಿಕಾಂಡದಿಂದಲೇ ತೊಡಗಬೇಕೆಂಬ ಹಟವೂ ಬೇಡ. ಹಾಗೆ ತೊಡಗಿದವರಲ್ಲಿ ಬಹಳ ಮಂದಿ ಯಾಜಕಕಾಂಡದ ಬಲಿಗಳ ನಡುವೆ ನಿಂತುಹೋದದ್ದನ್ನು ಕಂಡಿದ್ದೇನೆ. ಮಾರ್ಕನ ಸುವಾರ್ತೆಯಲ್ಲಿ ಹದಿನಾರೇ ಅಧ್ಯಾಯಗಳಿವೆ. ದಿನಕ್ಕೆ ಒಂದಾದರೂ ಸರಿ, ಅರ್ಧವಾದರೂ ಸರಿ. ಹೊತ್ತು ಒಂದೇ ಇರಲಿ, ಜಾಗ ಒಂದೇ ಇರಲಿ. ದನವು ಕೂಡ ತನ್ನ ಹೊತ್ತಿಗೆ ತನ್ನ ಗೂಟಕ್ಕೆ ಬರುತ್ತದೆ. ಮೆಲ್ಲಗೆ ಬಾಯಿಬಿಟ್ಟು ಓದಿರಿ. ರಥದಲ್ಲಿ ಕೂತಿದ್ದ ಐಥಿಯೋಪ್ಯದ ಅಧಿಕಾರಿಯು ಗಟ್ಟಿಯಾಗಿ ಓದುತ್ತಿದ್ದದರಿಂದಲ್ಲವೇ ಫಿಲಿಪ್ಪನಿಗೆ ಅದು ಕೇಳಿಸಿತು? ಅರ್ಥವಾಗದ್ದನ್ನು ಕೇಳಲು ಅವನೂ ನಾಚಲಿಲ್ಲ.

ಕೈಯಿಂದ ಬರೆಯುವದೂ ಒಳ್ಳೇದು. ಧರ್ಮೋಪದೇಶಕಾಂಡದ 17ನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ಅರಸನಿಗೆ ಕೊಟ್ಟ ಆಜ್ಞೆ ಯಾವದು? ಸಿಂಹಾಸನದಲ್ಲಿ ಕೂತ ಮೇಲೆ ಅವನು ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆದುಕೊಂಡು, ಅದನ್ನು ತನ್ನ ಬಳಿಯಲ್ಲಿ ಇಟ್ಟುಕೊಂಡು, ಬದುಕಿರುವ ದಿವಸಗಳೆಲ್ಲಾ ಓದಬೇಕು. ತನ್ನ ಸಹೋದರರಿಗಿಂತ ಮೇಲಿನವನೆಂದು ಅವನ ಹೃದಯವು ಉಬ್ಬಬಾರದೆಂಬ ಕಾರಣವನ್ನೂ ಅಲ್ಲಿಯೇ ಹೇಳಿದೆ. ಅರಸನಿಗೆ ಇರದ ಬಿಡುವು ನಮಗೆ ಇಲ್ಲವೆಂದು ಹೇಳಲಾದೀತೇ? ಮಗುವಿನ ಹಳೇ ನೋಟುಪುಸ್ತಕ ಸಾಕು. ದಿನಕ್ಕೆ ಒಂದು ವಚನವನ್ನು ಬರೆದು, ಇದರಲ್ಲಿ ನನಗೆ ಹೇಳಿದ್ದೇನೆಂದು ಒಂದು ಸಾಲು ಕೆಳಗೆ ಬರೆಯಿರಿ. ಓದು ಬಾರದವರು ಮಕ್ಕಳಿಂದ ಓದಿಸಿಕೊಳ್ಳಲಿ. ಇದರಿಂದ ಮಕ್ಕಳ ನಾಲಿಗೆಯೂ ತಿದ್ದುವದು.

ಇಸಾಕನು ಆ ಬಾವಿಗಳಿಗೆ ತಂದೆಯು ಇಟ್ಟಿದ್ದ ಹೆಸರುಗಳನ್ನೇ ಇಟ್ಟನೆಂಬ ಮಾತು ನನಗೆ ಬಹು ಪ್ರಿಯವಾದದ್ದು. ನಿಮ್ಮ ಮನೆಯಲ್ಲಿ ತಾತನ ಕಾಲದ ಪುಸ್ತಕವಿದ್ದರೆ ಅದನ್ನು ತೆರೆದು ನೋಡಿರಿ. ಯಾವ ವಚನದ ಬಳಿಯಲ್ಲಿ ಪೆನ್ಸಿಲಿನ ಗೆರೆ ಎಳೆದಿದ್ದಾರೆ, ಯಾವ ಹಾಳೆಯ ಅಂಚು ಬೆರಳಿನಿಂದ ಸವೆದಿದೆ? ಅವರು ಅಲ್ಲಿ ನೀರು ಕಂಡವರು. ಜಾತಿಯವರು ಅವರನ್ನು ಹೊರಗೆ ಹಾಕಿದ ರಾತ್ರಿ ಅವರು ಕುಡಿದದ್ದು ಆ ಬಾವಿಯಿಂದಲೇ ಇರಬಹುದು.

ಕನ್ನಡದಲ್ಲಿ ಈ ಬಾವಿಯನ್ನು ತೋಡಿದವರ ಕಷ್ಟವನ್ನೂ ನೆನಸೋಣ. ಬಂಗಾಳದ ಸೇರಾಂಪುರದಲ್ಲಿ ವಿಲಿಯಂ ಕೇರಿಯವರೂ ಜೊತೆಯವರೂ ನಡಿಸುತ್ತಿದ್ದ ಅಚ್ಚುಕೂಟಕ್ಕೆ 1812ನೆಯ ಇಸವಿ ಮಾರ್ಚಿ 11ರಂದು ಬೆಂಕಿ ಬಿದ್ದು, ಅನೇಕ ಭಾಷೆಗಳ ಹಸ್ತಪ್ರತಿಗಳ ಸಂಗಡ ಕನ್ನಡದ ಕೆಲಸವೂ ಸುಟ್ಟುಹೋಯಿತು. ಕೇರಿಯವರು ಆ ದಿನ ಕಲ್ಕತ್ತೆಯಲ್ಲಿದ್ದರು. ವರುಷಗಳ ದುಡಿಮೆಯು ಒಂದೇ ರಾತ್ರಿಯಲ್ಲಿ ಬೂದಿಯಾದದ್ದನ್ನು ಬಂದು ನೋಡಿ, ತಿರಿಗಿ ಮೊದಲಿನಿಂದ ತೊಡಗಿದರು. 1823ರಲ್ಲಿ ಕನ್ನಡದ ಹೊಸ ಒಡಂಬಡಿಕೆಯು ಅಲ್ಲಿ ಅಚ್ಚಾಯಿತು. ಇತ್ತ 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಅವರು ಭಾಷೆಯನ್ನು ಕಲಿತು ಭಾಷಾಂತರಕ್ಕೆ ಕೈಹಾಕಿದರು. ಇಡೀ ಸತ್ಯವೇದವು ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ, ಅಂದರೆ ಇಪ್ಪತ್ತು ವರುಷ ದಾಟಿದ ಮೇಲೆ. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಇಳಿದದ್ದು ಅದಾದ ಬಳಿಕ, 1834ರಲ್ಲಿ. ಬಳಿಕ ತಿದ್ದಿದವರು, ತಿರಿಗಿ ತಿದ್ದಿದವರು, ಹೆಸರು ಉಳಿಯದ ನಮ್ಮ ಮುನ್ಶಿಗಳು ಎಷ್ಟು ಮಂದಿಯೋ! ಸುಟ್ಟದ್ದನ್ನು ಅವರು ತಿರಿಗಿ ಬರೆದರು. ನಾವು ತಿರಿಗಿ ಓದಬೇಕಾದದ್ದು ಮಾತ್ರವೇ ಉಳಿದಿದೆ.

ತೊಡಗಿದ ಮೇಲೆ ಜಗಳ ಬರುವದು. ಇಸಾಕನ ಆಳುಗಳು ತಗ್ಗಿನಲ್ಲಿ ಉಕ್ಕುವ ಸೆಲೆಯನ್ನು ಕಂಡ ಕೂಡಲೆ ಗೆರಾರಿನ ಕುರುಬರು ಬಂದು ನೀರು ನಮ್ಮದೆಂದರು. ಅವನು ಅದಕ್ಕೆ ಜಗಳವೆಂಬ ಅರ್ಥದ ಏಸೆಕ್ ಎಂಬ ಹೆಸರನ್ನಿಟ್ಟು ಮುಂದೆ ಹೋದನು. ಎರಡನೆಯದಕ್ಕೂ ವ್ಯಾಜ್ಯ; ಅದರ ಹೆಸರು ಸಿಟ್ನಾ, ಅಂದರೆ ಹಗೆ. ಮೂರನೆಯದನ್ನು ತೋಡಿದಾಗ ಯಾರೂ ಬರಲಿಲ್ಲ. ಅದು ರೆಹೋಬೋತ್, ವಿಶಾಲವಾದ ಸ್ಥಳ. ಬೆಳಿಗ್ಗೆ ಓದುವೆನೆಂದು ನಿಶ್ಚಯಿಸಿದರೆ ಬೆಳಿಗ್ಗೆ ಹಾಲು ಕರೆಯುವ ಕೆಲಸ ಬಂದು, ಈ ಹೊತ್ತು ನಮ್ಮದು ಅನ್ನುತ್ತದೆ. ಸಂಜೆಗೆ ಇಟ್ಟರೆ ಮನೆಗೆ ಬಂದವರು, ಈ ಹೊತ್ತು ನಮ್ಮದು ಅನ್ನುತ್ತಾರೆ. ಅವರೊಂದಿಗೆ ಜಗಳ ಯಾಕೆ? ಇನ್ನೊಂದು ಹೊತ್ತನ್ನು ತೋಡಿರಿ. ನಮ್ಮ ಸಭೆಯ ಒಬ್ಬ ಕೂಲಿಯವನು ಮಧ್ಯಾಹ್ನದ ಬುತ್ತಿಯನ್ನು ಉಂಡ ಮೇಲೆ, ಬೇರೆಯವರು ಮರದ ನೆರಳಲ್ಲಿ ಮಲಗಿರುವಾಗ, ಅಂಗಿಯ ಜೇಬಿನಿಂದ ಚಿಕ್ಕ ಹೊಸ ಒಡಂಬಡಿಕೆಯನ್ನು ತೆಗೆಯುತ್ತಾನೆ. ಅವನ ರೆಹೋಬೋತು ಅಲ್ಲಿ ಸಿಕ್ಕಿದೆ.

ಇಸಾಕನು ಅಲ್ಲಿಂದ ಬೇರ್ಷೆಬಕ್ಕೆ ಏರಿಹೋದನು. ಆ ರಾತ್ರಿಯೇ ಯೆಹೋವನು ಅವನಿಗೆ ಕಾಣಿಸಿಕೊಂಡು, ಹೆದರಬಾರದೆಂದೂ ತಾನು ಅವನ ಸಂಗಡ ಇರುವೆನೆಂದೂ ಹೇಳಿದನು. ಅವನು ಯಜ್ಞವೇದಿಯನ್ನು ಕಟ್ಟಿಸಿದನು, ಗುಡಾರವನ್ನು ಹಾಕಿಸಿದನು, ಅಲ್ಲಿಯೂ ಬಾವಿಯನ್ನು ತೋಡಲು ಹೇಳಿದನು. ಅವನನ್ನು ಹೊರಡಿಸಿದ ಅಬೀಮೆಲೆಕನೇ ಕಡೆಗೆ ಒಡಂಬಡಿಕೆಗಾಗಿ ಅವನ ಮನೆಬಾಗಿಲಿಗೆ ಬಂದನು. ಅವರು ಔತಣವಾಗಿ ಸಮಾಧಾನದಿಂದ ಹೊರಟುಹೋದ ದಿವಸವೇ ಆಳುಗಳು ಬಂದು ನೀರು ಕಂಡಿತೆಂದು ತಿಳಿಸಿದರು.

ಆ ವಿಧವೆಯ ವಿಷಯ ಕೇಳುವಿರಿ. ನಾನು ಹೋಗಿಬಂದ ಮರುದಿನದಿಂದ ನೆರೆಮನೆಯ ಹುಡುಗಿಯೊಬ್ಬಳು ದಿನಾಲು ಸಂಜೆ ಬಂದು ಗರಿ ಇರುವಲ್ಲಿಂದ ಓದುತ್ತಿದ್ದಳು. ಒಂದು ತಿಂಗಳ ಮೇಲೆ ನಾನು ತಿರಿಗಿ ಹೋದಾಗ ಅವರು ನೆಹೆಮೀಯನನ್ನೂ ಎಸ್ತೇರಳನ್ನೂ ಮುಗಿಸಿ ಯೋಬನ ಗ್ರಂಥದಲ್ಲಿ ಇದ್ದರು. ಯೋಬನ ಗೆಳೆಯರ ಮಾತು ಅಜ್ಜಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಏಳುವ ಹೊತ್ತಿಗೆ ಆಕೆ ಅದೇ ಪ್ರಶ್ನೆಯನ್ನು ಕೇಳಿದಳು. ಈ ಸಾರಿ ನನ್ನಲ್ಲಿ ಉತ್ತರವಿತ್ತು.

“ಮಾರ್ಕನ ಒಂಬತ್ತನೆಯ ಅಧ್ಯಾಯಕ್ಕೆ ಬಂದಿದ್ದೇನಮ್ಮಾ,” ಅಂದೆನು.

ಆಕೆ ಬೆರಳು ಮಡಿಸಿ ಎಣಿಸಿ ನೋಡಿ, “ಒಂದು ತಿಂಗಳಲ್ಲಿ ಒಂಬತ್ತೋ? ಚಿಂತೆ ಇಲ್ಲ ಅಯ್ಯನವರೇ, ಗರಿ ಬೇಕಾದರೆ ನಮ್ಮ ಮರದಿಂದ ಒಂದು ತಕ್ಕೊಂಡು ಹೋಗಿರಿ,” ಅಂದಳು.